ನೀಲಚಿಗವ್ವನೂ ನಾವು ಶಾಣ್ಯಾ ಮಂದಿಯೂ

ನಿನ್ನೆ ಇಳಿಹೊತ್ತಿನಲ್ಲಿ ರಾಮತೀರ್ಥ ನಗರದಿಂದ ಗಂಡ-ಹೆಂಡತಿ ಇಬ್ಬರು ತಮ್ಮ ಮಗನ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದರು. ಚಹಾ ಆಯಿತು, ಚೂಡಾ ಆಯಿತು, ಬೇಡ ಬೇಡ ಅನ್ನುತ್ತಲೇ ಎರಡನೇ ಸಲವೂ ಚೂಡಾ ಆಯಿತು. ಆಮೇಲೆ ನನ್ನ ಹೆಂಡತಿ ಒಳಗೆ ಹೋಗಿ ಟ್ರಂಕಿನ ಮುಚ್ಚಳ ಎತ್ತಿದಳು. ನುಸಿಗುಳಿಗೆಯ ವಾಸನೆ ನಡುಮನೆ ದಾಟಿ ನನ್ನ ಕುರ್ಚಿಯ ತನಕ ಬಂತು. ಅದರ ಹಿಂದೆಯೇ ಆಕೆಯ ಪಿಸುಮಾತೂ ಬಂತು: "ಇಲ್ಲಿ ಬರ್ರಿ ಸ್ವಲ್ಪ. ಈ ನೀಲಿ ಜಂಪರ್ ಪೀಸು ಇವರ ಮನಿಯಿಂದಾನ ಬಂದದ್ದೇನು, ನೆನಪೈತೇನು ನಿಮಗ?"

ನನಗೆ ಹೇಗೆ ನೆನಪಿರಬೇಕು? ನನ್ನ ಕಣ್ಣಿಗೆ ಜಂಪರ್ ಪೀಸುಗಳೆಲ್ಲ ಒಂದೇ. ಎರಡು ಬೆರಳಿನ ನಡುವೆ ಹಿಡಿದು ಅದು ಯಾವ ಅಂಗಡಿಯದು, ಯಾವ ಹಬ್ಬಕ್ಕೆ ಹರಿದದ್ದು, ಯಾರ ಮನೆಗೆ ಹೋಗಿತ್ತು ಎಂದು ಹೇಳಬಲ್ಲ ಒಬ್ಬಳೇ ಒಬ್ಬಳು ನಮ್ಮ ವಂಶದಲ್ಲಿದ್ದಳು. ಅವಳನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದನ್ನು ಹೇಳುತ್ತೇನೆ, ಕೂತು ಕೇಳಿ. ನಿಮ್ಮ ಮನೆಯಲ್ಲಿ ಇಂಥದ್ದು ನಡೆದಿಲ್ಲ ಅನ್ನುವುದಾದರೆ ನಿಮಗೊಂದು ನಮಸ್ಕಾರ. ಆದರೆ ನಂಬುವುದಿಲ್ಲ.

ಮೊದಲು ಜಂಪರ್ ಪೀಸಿನ ಸ್ವರೂಪವನ್ನು ಅರಿಯಬೇಕು. ಅದು ಜಂಪರು, ಅಂದರೆ ರವಿಕೆ, ಹೊಲಿಸಿಕೊಳ್ಳುವ ಬಟ್ಟೆ ಎಂದು ತಿಳಿದವರು ಇನ್ನೂ ಎಳಸು. ಮನೆಗೆ ಬಂದ ಹೆಂಗಸು ಹೊರಡುವಾಗ ಕುಂಕುಮ ಹಚ್ಚಿ ಕೊಡುವ ಆ ಮುಕ್ಕಾಲು ಮೀಟರು ಬಟ್ಟೆಯನ್ನು ಕತ್ತರಿ ಮುಟ್ಟುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ನೀರು ತೋಯಿಸುವುದಿಲ್ಲ. ಒಂದು ಟ್ರಂಕಿನಿಂದ ಹೊರಟು ಇನ್ನೊಂದು ಟ್ರಂಕು ಸೇರುವುದೇ ಅದರ ಬಾಳು. ಕೊಡುವವಳಿಗೆ ಅದು ಬೇಡವಾದದ್ದು ಎಂದು ಗೊತ್ತು, ತೆಗೆದುಕೊಳ್ಳುವವಳಿಗೂ ಗೊತ್ತು. ಆದರೂ ಒಬ್ಬಳು "ಅಯ್ಯ, ಯಾಕ್ರಿ ಇದೆಲ್ಲಾ" ಅನ್ನಬೇಕು, ಇನ್ನೊಬ್ಬಳು "ಇರಲಿ ತಗೋರಿ, ನಿಮಗಂತನ ತಂದದ್ದು" ಅನ್ನಬೇಕು. ಬೆಳಗಾವಿಯ ಸಭ್ಯ ಸಮಾಜ ನಿಂತಿರುವುದೇ ಈ ಎರಡು ವಾಕ್ಯಗಳ ಮೇಲೆ. ಕೊಟ್ಟವರ ಮನೆಗೇ ಅದನ್ನು ತಿರುಗಿ ಕೊಡುವುದೊಂದೇ ಇದರಲ್ಲಿ ಮಹಾಪಾಪ. ಹಾಗೆ ಕೊಟ್ಟರೂ ಇಸಿದುಕೊಂಡವಳು ಗುರುತು ಹತ್ತಿಲ್ಲವೆಂಬಂತೆ ನಗಬೇಕು. ನಗದೇ ಇದ್ದವಳು ನನ್ನ ಅವ್ವನ ತಂಗಿ, ನೀಲವ್ವ. ನಮಗೆಲ್ಲ ನೀಲಚಿಗವ್ವ.

ಖಾನಾಪುರದ ಪೇಟೆಯಲ್ಲಿ ಅವ್ವನ ತವರವರದು ಒಂದು ಬಟ್ಟೆ ಅಂಗಡಿ. ಹಿಂದೆ ಮನೆ, ಮುಂದೆ ಅಂಗಡಿ. ಚಿಗವ್ವನ ಮದುವೆ ಆಗಲಿಲ್ಲ. ನೋಡಲು ಬಂದ ಮೊದಲನೆಯ ವರ "ನಾ ಹೆಂಗದೀನಿ ಹೇಳು" ಎಂದು ಚ್ಯಾಷ್ಟಿಗೆ ಕೇಳಿದನಂತೆ, ಆಕೆ ಹೇಳಿದಳಂತೆ. ಎರಡನೆಯ ವರ ಬರಲಿಲ್ಲ. ಅಂಗಡಿಯನ್ನು ಅವಳ ಅಣ್ಣ, ಅಂದರೆ ನಮ್ಮ ಮಾವ, ನಡೆಸುತ್ತಿದ್ದ. ಚಿಗವ್ವ ದುಡ್ಡಿನ ಗಲ್ಲೆಯ ಬಾಜೂ ಕೂತು ಬಟ್ಟೆ ಅಳೆದು ಹರಿದು ಕೊಡುತ್ತಿದ್ದಳು. ಗಿರಾಕಿಯ ಮುಖವನ್ನು ಆಕೆ ನೋಡುತ್ತಿರಲಿಲ್ಲ, ಸೆರಗನ್ನು ನೋಡುತ್ತಿದ್ದಳು. ಜನರನ್ನು ಆಕೆ ಗುರುತಿಸುತ್ತಿದ್ದದ್ದೂ ಹಾಗೆಯೇ. ನೀವು ಸೀರೆ ಬದಲಿಸಿದರೆ ಮತ್ತೊಮ್ಮೆ ಪರಿಚಯ ಹೇಳಬೇಕು.

"ಇದು ಒಗದರ ಬಣ್ಣ ಬಿಡತೈತಿ, ಒಯ್ಯಬ್ಯಾಡ್ರಿ," ಎಂದು ಗಿರಾಕಿಗೆ ಹೇಳುವಳು. ಮಾವ ಕೆಮ್ಮುವನು. "ನಿನಗ ಕೆಮ್ಮ ಬಂದೈತೇನು, ಅಣ್ಣಾ? ಮುಂಜಾನಿ ಇರಲಿಲ್ಲ," ಎಂದು ಆಕೆ ನಿಜವಾಗಿಯೂ ವಿಚಾರಿಸುವಳು. ಕೊನೆಗೆ ಮಾವ ಅವಳನ್ನು ಒಳಗಿನ ಕೋಣೆಗೆ ಕಳಿಸಿ ಮಡಿಕೆ ಹಾಕುವ ಕೆಲಸ ಕೊಟ್ಟ. ಮರುವಾರದ ಸಂತೆಗೆ ಸುತ್ತಲ ಹಳ್ಳಿಗಳ ಮರಾಠಿ ಹೆಂಗಸರು ಬಂದು, ಗಲ್ಲೆಯ ಮೇಲಿದ್ದ ಮಾವನನ್ನು ಆಪಾದಮಸ್ತಕ ನೋಡಿ, "ಅಕ್ಕಾ ಕುಠಂ ಹಾಯ್?" ಎಂದು ಕೇಳಿ, ಅಕ್ಕ ಇಲ್ಲವೆಂದ ಕೂಡಲೇ ಎದುರಿನ ಅಂಗಡಿಗೆ ಹೋದರು. ಮಾವ ಅದೇ ಸಂಜೆ ಅವಳನ್ನು ಹೊರಗೆ ಕರೆದು ಕೂರಿಸಿದ. ಆದರೂ ಸಾಯುವ ತನಕ ಅವನು ಹೇಳುತ್ತಿದ್ದದ್ದು, ಪಾಪ, ಈ ತಂಗಿಯನ್ನು ತಾನು ಸಾಕುತ್ತಿದ್ದೇನೆ ಎಂದೇ.

ಆಡಿದ ಮಾತಿಗೆ ಅದೇ ಅರ್ಥ ಇರುತ್ತದೆ ಎಂದು ನಂಬಿದ್ದು ಚಿಗವ್ವನ ದೊಡ್ಡ ದೋಷ. ಬೆಳಗಾವಿಗೆ ಬಂದಾಗ ಒಬ್ಬ ವಕೀಲರ ಹೆಂಡತಿ "ನಮ್ಮ ಮನಿ ಅಂದ್ರ ನಿಮ್ಮ ಮನೀನ ಅಂತ ತಿಳಕೋರಿ" ಎಂದರು. ಚಿಗವ್ವ ತಿಳಿದುಕೊಂಡಳು. ಅರ್ಧ ತಾಸಿನಲ್ಲಿ ಅವರ ಕಪಾಟಿನ ಸೀರೆಗಳನ್ನೆಲ್ಲ ಹೊರಗೆ ತೆಗೆದು, ನೂಲಿನವು ಬೇರೆ, ರೇಷ್ಮೆಯವು ಬೇರೆ, ರೇಷ್ಮೆಯೆಂದು ಹೇಳಿ ಯಾರೋ ಟೋಪಿ ಹಾಕಿದವು ಬೇರೆ ಎಂದು ವಿಂಗಡಿಸಿಟ್ಟಳು. ನಾನು ಬಿ.ಎ. ಪಾಸಾಗಿ ಪೇಢೆ ಒಯ್ದಾಗ ಆಕೆ ತಿಂದು ನೋಡಿ, "ಇದು ಮೊನ್ನಿದು. ಇವತ್ತಿಂದು ಅಂತ ಹೇಳಿ ಕೊಟ್ಟಿರಬೇಕು," ಎಂದಳು. ನಾನು ಯಾವ ಕ್ಲಾಸಿನಲ್ಲಿ ಪಾಸಾದೆ ಎಂದು ಊರಿನವರೆಲ್ಲ ಕೇಳಿದರು, ಆಕೆ ಕೇಳಲಿಲ್ಲ. ಅದು ಬಟ್ಟೆಯ ವಿಷಯ ಅಲ್ಲವಲ್ಲ.

ನನ್ನ ತಂಗಿ ಶಾಂತಾಳ ಮೊಮ್ಮಗಳು ಈಗ ಮನಃಶಾಸ್ತ್ರ ಓದುತ್ತಿದ್ದಾಳೆ. ಇದನ್ನೆಲ್ಲ ಕೇಳಿ, "ಅಜ್ಜಾ, ಅದಕ್ಕ ಆಟಿಸಂ ಅಂತಾರ. ರೋಗ ಅಲ್ಲ ಅದು, ಮೆದುಳಿನ ಒಂದು ರೀತಿ," ಎಂದಳು. ನಮ್ಮ ಕಾಲದಲ್ಲಿ ನಾವು ಅಷ್ಟು ಓದಿರಲಿಲ್ಲ. 'ತಿಕ್ಕಲು' ಎಂಬ ಒಂದೇ ಶಬ್ದದಲ್ಲಿ ಮುಗಿಸುತ್ತಿದ್ದೆವು. ಹೊಸ ಹೆಸರು ಚೆನ್ನಾಗಿದೆ. ಆದರೆ ಬೇಕಿಲ್ಲದ ಬಟ್ಟೆಯನ್ನು ಬೇಕಿಲ್ಲದವರಿಗೆ ಕೊಟ್ಟು, ಇಬ್ಬರೂ ಸಂತೋಷಪಟ್ಟಂತೆ ಮುಖ ಮಾಡುವ ಲಕ್ಷಾಂತರ ಮಂದಿಯ ಮೆದುಳಿನ ರೀತಿಗೆ ಏನು ಹೆಸರು ಎಂದು ಕೇಳಿದೆ. ಅದು ಇನ್ನೂ ಸಿಲೆಬಸ್ಸಿನಲ್ಲಿ ಬಂದಿಲ್ಲವಂತೆ.

ಶಾಂತಾಳ ಹೆಸರು ಬಂತಲ್ಲ. ಹುಟ್ಟಿದಾಗಿನಿಂದ ರೋಗಿಷ್ಠ ಕೂಸು ಆಕೆ. ಅವ್ವನಿಗೆ ಮೇಲಿಂದ ಮೇಲೆ ಬಾಣಂತನ. ಹೀಗಾಗಿ ಎರಡು ವರ್ಷದವಳಿದ್ದಾಗ ಶಾಂತಾಳನ್ನು ಖಾನಾಪುರಕ್ಕೆ ಕಳಿಸಿದರು. ಏಳನೆಯ ಇಯತ್ತೆ ಮುಗಿಯುವ ತನಕ ಅವಳನ್ನು ಬೆಳೆಸಿದವಳು ನೀಲಚಿಗವ್ವ. ದಿನಾ ಅದೇ ಹೊತ್ತಿಗೆ ಅದೇ ಮೊಸರು-ರೊಟ್ಟಿ, ಅದೇ ಹೊತ್ತಿಗೆ ಜಡೆ, ಅದೇ ದಾರಿಯಿಂದ ಮಲಪ್ರಭೆಯ ದಂಡೆಗೆ ಹೋಗಿ ಬರುವುದು. ಕೂಸು ದುಂಡಗಾಯಿತು. ಚಿಗವ್ವ ಜಗತ್ತಿನಲ್ಲಿ ಒಬ್ಬಳ ಮುಖವನ್ನು ನೆಟ್ಟಗೆ ನೋಡುತ್ತಿದ್ದಳು ಎಂದರೆ ಅದು ಶಾಂತಾಳದು. "ಶಾಂತಾನ ಲಗ್ನದಾಗ ಅಕಿ ಸೆರಗ ನಾನ ಹಿಡದು ಕೊಡಾಕಿ," ಎಂದು ಆಕೆ ಹೇಳುತ್ತಿದ್ದಳು. ಆಕೆಗೆ ಬೇರೆ ಯಾವ ಆಸೆಯೂ ಇದ್ದ ಹಾಗೆ ನನಗೆ ಗೊತ್ತಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಶಾಂತಾಳಿಗೆ ಗಂಡು ಗೊತ್ತಾಯಿತು. ಹುಡುಗನಿಗೆ ಬ್ಯಾಂಕಿನಲ್ಲಿ ನೌಕರಿ, ತಾಯಿಗೆ ಬೆಳಗಾವಿಯಲ್ಲಿ ಬಂಗಲೆ. ಬಂಗಲೆ ತಾಯಿಯದೇ ಎಂಬುದು ಆಕೆ ಕೂರುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬೆಳಗಾವಿಯ ಶಹಾಪುರದ ನಮ್ಮ ಬಾಡಿಗೆ ಮನೆಯಲ್ಲಿ ನಿಶ್ಚಯದ ಕಾರ್ಯ. ಬೀಗತಿ ಶಾಂತಾಳ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅದರ ಮೇಲೆ ಕೆಂಪು ಅಂಚಿನ ಹಸಿರು ಜಂಪರ್ ಪೀಸು. ಬಾಜೂ ಕೂತಿದ್ದ ಚಿಗವ್ವ ಕೈ ಚಾಚಿ ಅದನ್ನು ಎರಡು ಬೆರಳಿನಲ್ಲಿ ಹಿಡಿದಳು. ಅವಳ ಮುಖ ಅರಳಿತು.

"ಅಕ್ಕಾ, ಇದು ನಮ್ಮ ಅಂಗಡೀದು. ನಾ ನಿನಗ ಪಂಚಮಿಗೆ ಕೊಟ್ಟಿದ್ದು!"

ಅವ್ವ ನಕ್ಕಳು. "ಅಂಥಾವು ಊರಾಗ ಸಾವಿರ ಇರತಾವ ತಗಿ."

"ಸಾವಿರ ಇಲ್ಲ, ಇದ ಒಂದ. ಇಲ್ಲಿ ನೋಡ, ಕತ್ತರಿ ಸೊಟ್ಟ ಹೋಗೇತಿ. ಅವತ್ತ ಸಾಲಿ ಗಂಟಿ ಒಮ್ಮಿಗೇ ಬಾರಿಸಿದ್ರು, ನನ್ನ ಕೈ ನಡಗಿತು. ನೀ ಇದನ್ನ ಬಣ್ಣ ಬಿಡತೈತಿ ಅಂತ ಬಾಜೂಮನಿ ಮಾಸ್ತರ ಹೇಣ್ತಿಗೆ ಕೊಟ್ಟೆ ಅಂದಿದ್ದಿ."

ಬಾಜೂಮನೆಯ ಮಾಸ್ತರ ಹೆಂಡತಿ ಅಲ್ಲೇ ಕೂತಿದ್ದರು. ಅವರು ಜಂತಿಗಳನ್ನು ಎಣಿಸತೊಡಗಿದರು. ಅವರು ಅದನ್ನು ಯಾರಿಗೆ ಕೊಟ್ಟರೋ, ಅವರು ಮತ್ತ್ಯಾರಿಗೋ, ಒಟ್ಟಿನಲ್ಲಿ ಬಂಗಲೆಯ ಟ್ರಂಕಿಗೆ ಅದು ಹೇಗೋ ತಲುಪಿತ್ತು. ಚಿಗವ್ವ ಯಾರನ್ನೂ ಹಂಗಿಸುತ್ತಿರಲಿಲ್ಲ, ಇದನ್ನು ನೀವು ಗಮನಿಸಬೇಕು. ಹಳೆಯ ಗೆಳತಿ ಸಂತೆಯಲ್ಲಿ ಎದುರಾದಂತೆ ಆಕೆಗೆ ಸಂತೋಷವಾಗಿತ್ತು. "ಎಷ್ಟ ಮನಿ ಅಡ್ಡಾಡಿ ಕಡೀಕ ನಮ್ಮ ಶಾಂತಾನ ಉಡಿಗೇ ಬಂತ ನೋಡ!" ಎಂದು ಆಕೆ ಗಟ್ಟಿಯಾಗಿ ನಕ್ಕಳು. ಆಕೆ ನಕ್ಕದ್ದನ್ನು ನಾನು ಮೂರು-ನಾಲ್ಕು ಸಲ ಮಾತ್ರ ಕಂಡಿದ್ದೇನೆ.

ಬೀಗತಿ ಎದ್ದು ನಿಂತರು. "ನಮ್ಮ ಮನ್ಯಾಗ ಹಳೇ ಜಂಪರ್ ಕೊಡೂ ಪದ್ಧತಿ ಇಲ್ಲರೀ. ಇಂಥಾದ್ದೆಲ್ಲಾ ಅನ್ನಿಸಿಕೊಂಡು ಕುಂದ್ರೂ ಪದ್ಧತೀನೂ ಇಲ್ಲ."

ಆಗ ರಂಗಕ್ಕೆ ಇಳಿದವನು ನಾನು. ಆಗಷ್ಟೇ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದೆ. 'ತಮ್ಮ ಮನವಿಯನ್ನು ಪರಿಶೀಲಿಸಲಾಗುತ್ತಿದೆ' ಎಂದು ದಿನಕ್ಕೆ ಇಪ್ಪತ್ತು ಸಲ ಬರೆದು, ಏನನ್ನೂ ಹೇಳದೆ ಎಲ್ಲವನ್ನೂ ಹೇಳುವ ವಿದ್ಯೆ ಕೈಗೆ ಹತ್ತಿತ್ತು. ಬೀಗತಿಯ ಹತ್ತಿರ ಹೋಗಿ ದನಿ ತಗ್ಗಿಸಿ, "ಕುಂದರ್ರಿ ತಾಯೀ. ನಮ್ಮ ಚಿಗವ್ವಗ ತಲಿ ಸ್ವಲ್ಪ…" ಎಂದೆ. ಮಾತು ಮುಗಿಸಲಿಲ್ಲ, ಕಿವಿಯ ಹತ್ತಿರ ಬೆರಳು ತಿರುವಿದೆ.

ಆಹಾ, ಆ ಒಂದು ಬೆರಳಿನ ಮಹಿಮೆ! ಇಡೀ ಮನೆ ಉಸಿರು ಬಿಟ್ಟಿತು. ಮಾಸ್ತರ ಹೆಂಡತಿ ಜಂತಿಗಳಿಂದ ಕೆಳಗಿಳಿದರು. ಬೀಗತಿ, "ಹೌದನ್ರಿ? ಪಾಪ, ಮೊದಲ ಹೇಳಬಾರದನ್ರಿ?" ಎಂದು ಕೂತರು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಎಲ್ಲರೂ ಸುಳ್ಳರಾಗಿ ಉಳಿಯುವುದಕ್ಕಿಂತ ಒಬ್ಬಳು ಹುಚ್ಚಿಯಾಗುವುದು ಎಲ್ಲರಿಗೂ ಅನುಕೂಲವಾಗಿತ್ತು. ಚಿಗವ್ವ ನನ್ನ ಬೆರಳನ್ನು ನೋಡಲಿಲ್ಲ. ಆಕೆ ಇನ್ನೂ ಆ ಹಸಿರು ಬಟ್ಟೆಯ ಅಂಚನ್ನು ಸವರುತ್ತಿದ್ದಳು. ಶಾಂತಾ ನೋಡಿದಳು. ನೋಡಿ ತಲೆ ತಗ್ಗಿಸಿದಳು. ವಧು ಅಂದಮೇಲೆ ತಲೆ ತಗ್ಗಿಸುವುದೇ, ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ.

ಹೊರಡುವಾಗ ಬೀಗತಿ ಅವ್ವನ ಕೈ ಹಿಡಿದು, "ಲಗ್ನದಾಗ ಭಾಳ ಗದ್ದಲ ಇರತೈತ್ರಿ. ಬ್ಯಾಂಡಿನವರು ಬ್ಯಾರೆ. ನಿಮ್ಮ ತಂಗೀಗೆ ತ್ರಾಸ ಆಗತೈತಿ, ಪಾಪ. ಸುಮ್ಮ ಯಾಕ ಅವರನ್ನ ದಣಸ್ತೀರಿ?" ಎಂದರು. ಎಷ್ಟು ಅಂತಃಕರಣ ನೋಡಿ! ಆಕೆ ಬಂದರೆ ಮದುವೆ ಇಲ್ಲ ಎಂಬುದನ್ನು ಇದಕ್ಕಿಂತ ಮೆತ್ತಗೆ ಹೇಳಲು ಸಾಧ್ಯವಿಲ್ಲ. ಅವ್ವ "ಹೌದ್ರಿ, ಹೌದ್ರಿ" ಎಂದಳು. ಬ್ಯಾಂಡಿನ ಸದ್ದಿಗೆ ಚಿಗವ್ವ ಕಿವಿ ಮುಚ್ಚಿಕೊಳ್ಳುವುದು ಖರೆ. ಕಿವಿಗೆ ಅರಳೆ ಇಟ್ಟುಕೊಂಡು ಶಾಂತಾಳ ಸೆರಗು ಹಿಡಿಯುತ್ತೇನೆ ಎಂದು ಆಕೆ ಆಗಲೇ ಹೇಳಿದ್ದೂ ಖರೆ.

ಈಗ ಆಕೆಗೆ ಹೇಳುವವರು ಯಾರು? ಅಪ್ಪ ಅವ್ವನನ್ನು ನೋಡಿದ, ಅವ್ವ ನನ್ನನ್ನು ನೋಡಿದಳು. ಮಾತು ಬಲ್ಲವನು ನಾನಲ್ಲವೆ! ಲಗ್ನಪತ್ರಿಕೆಗಳು ಅಚ್ಚಾಗಿ ಬಂದ ಮರುದಿನ ಕೆಂಪು ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಮಾವನನ್ನು ಅಂಗಡಿಯ ಹೊರಗೆ ಕರೆದು ಪತ್ರಿಕೆ ಕೊಟ್ಟೆ. ಅವನು ಅದನ್ನು ಎರಡು ಮಡಿಕೆ ಮಾಡಿ ಒಳಗಿಸೆಗೆ ಸೇರಿಸಿದ. "ನಾ ಹುಬ್ಬಳ್ಳಿಗೆ ಮಾಲ ತರಾಕ ಹೋಗ್ತೀನಿ ಅಂತ ಹೇಳಿ ಬರತೀನಿ," ಎಂದ. ಇಬ್ಬರೂ ಸಂಭಾವಿತರು, ಬಹಳ ಬೇಗ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡೆವು.

ಒಳಗೆ ಚಿಗವ್ವ ಮಡಿಕೆ ಹಾಕುತ್ತ ಕೂತಿದ್ದಳು. "ತಮ್ಮಾ, ಶಾಂತಾನ ಲಗ್ನ ಯಾವತ್ತು?"

"ಇನ್ನೂ ಗಟ್ಟಿ ಆಗಿಲ್ಲ ಚಿಗವ್ವ."

"ಆದಮ್ಯಾಲೆ ಹೇಳ್ತೀರಿ?"

"ಹೇಳಿ ಕಳಸ್ತೀವಿ."

ನೀವಾಗಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದಿರಿ. ನಮ್ಮ ಕಡೆ 'ಹೇಳಿ ಕಳಸ್ತೀವಿ' ಅಂದರೆ ಬಾಗಿಲು ಮುಚ್ಚಿದಂತೆ. ಕೇಳಿದವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ, ಹೇಳಿದವರಿಗೂ ಪಾಪ ತಟ್ಟುವುದಿಲ್ಲ. ಚಿಗವ್ವ "ಹೂಂ" ಎಂದಳು. ಆಕೆಯ ಟ್ರಂಕು ಗೋಡೆಯ ಬದಿಗೆ ತಯಾರಾಗಿತ್ತು. ನಾನು ಅದನ್ನು ನೋಡದವನಂತೆ ಚಹಾ ಕುಡಿದು ಬಂದೆ.

ಮದುವೆ ನಿರ್ವಿಘ್ನವಾಗಿ ನಡೆಯಿತು. ಅಕ್ಷತೆ ಬೀಳುವ ಮೊದಲು ಶಾಂತಾ ಒಂದು ಸಲ "ಚಿಗವ್ವ ಎಲ್ಲಿ?" ಎಂದು ಕೇಳಿದಳು. "ಮೈಯಾಗ ಆರಾಮಿಲ್ಲವ್ವಾ," ಎಂದಳು ಅವ್ವ. ಶಾಂತಾ ಎರಡನೇ ಸಲ ಕೇಳಲಿಲ್ಲ. ಖಾನಾಪುರದಲ್ಲಿ ಬೆಳೆದರೂ ಆಕೆ ನಮ್ಮ ಮನೆಯ ಮಗಳೇ. ಸೆರಗು ಹಿಡಿಯಲು ಮಾಸ್ತರ ಹೆಂಡತಿ ಇದ್ದರು.

ಮಾವ ಮದುವೆಯ ಆಯೇರಿಯಲ್ಲಿ ಬಂದ ಧೋತರವನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಹೋದ. ಹುಬ್ಬಳ್ಳಿಯಿಂದ ತಂದದ್ದು ಎಂದ. ಬಟ್ಟೆಯ ವಿಷಯದಲ್ಲಿ ಆಕೆಗೆ ಸುಳ್ಳು ಹೇಳುವ ದಡ್ಡತನ ಅವನಿಗೆ ಹೇಗೆ ಬಂತೋ! ಆಕೆ ಧೋತರ ಬಿಚ್ಚಿ ನೋಡಿ, "ಅಣ್ಣಾ, ಇದಕ್ಕ ಅರಿಷಿಣ ಹತ್ತೇತಿ. ಹುಬ್ಬಳ್ಳಿಯಾಗ ಅರಿಷಿಣ ಹಚ್ಚಿ ಮಾರತಾರೇನು?" ಎಂದು ಕೇಳಿದಳಂತೆ. ವ್ಯಂಗ್ಯವಲ್ಲ, ಆಕೆಗೆ ವ್ಯಂಗ್ಯ ಬರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಹಾಗೊಂದು ಪದ್ಧತಿ ಇರಬಹುದೇನೋ ಎಂದು ಕೇಳಿದಳು. ಮಾವ ಎಲ್ಲ ಬಾಯಿ ಬಿಟ್ಟ.

ಎರಡು ವರ್ಷ ನಾನು ಖಾನಾಪುರದ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಚೇರಿಯ ಕೆಲಸವೇ ಅಲ್ಲಿಗೆ ಎಳೆಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಏಳೆಂಟು ಸಮಜಾಯಿಷಿಗಳನ್ನು ಕರಡು ಮಾಡಿಕೊಂಡು ಹೋದೆ. ಆಕೆ ಹೊಸಿಲಲ್ಲೇ ಕೂತಿದ್ದಳು.

"ತಮ್ಮಾ, ಅವತ್ತ ನೀ ಬಂದಾಗ ಲಗ್ನದ ದಿನ ನಿನಗ ಗೊತ್ತಿತ್ತೇನು?"

"ಹಂಗಲ್ಲ ಚಿಗವ್ವ, ಏನಾತಂದ್ರ, ನಿನಗ ಗದ್ದಲ ಅಂದ್ರ ತ್ರಾಸ, ಮತ್ತ ಬೀಗರು…"

"ಗೊತ್ತಿತ್ತೇನು?"

"ಅವ್ವನ ಮನಸ್ಸಿನಾಗೂ ನಿನ್ನ ಬಿಡಬೇಕಂತ ಇರಲಿಲ್ಲ, ಆದರ…"

"ಗೊತ್ತಿತ್ತೇನು?"

ಮೂರು ಸಲವೂ ಅದೇ ದನಿ. ಸಿಟ್ಟಿಲ್ಲ, ಅಳುವಿಲ್ಲ. ಬಟ್ಟೆ ಎಷ್ಟು ಮೀಟರು ಬೇಕು ಎಂದು ಕೇಳಿದ ಹಾಗೆ. "ಗೊತ್ತಿತ್ತು," ಎಂದೆ.

ಆಕೆ ನನ್ನ ಅಂಗಿಯ ಗುಂಡಿಯನ್ನು ನೋಡುತ್ತ ಹೇಳಿದಳು: "ನೀ ಬರಬ್ಯಾಡ ಅಂತ ಹೇಳಬೇಕಿತ್ತು. ನಾ ಬರತಿರಲಿಲ್ಲ. ನೀ ಹೇಳಿ ಕಳಸ್ತೀವಿ ಅಂದಿ. ಒಂಬತ್ತ ದಿನ ಮುಂಜಾನೆ ಜಳಕಾ ಮಾಡಿ, ಹೊಸಾ ಸೀರಿ ಉಟಗೊಂಡು, ಟ್ರಂಕ ಬಾಜೂಕ ಇಟಗೊಂಡು ಇಲ್ಲೇ ಕುಂತೆ. ಹತ್ತರ ಬಸ್ ಹೋದಮ್ಯಾಲೆ ಒಳಗ ಹೋಗಿ ಸೀರಿ ಮಡಚಿ ಇಟ್ಟೆ. ಒಂಬತ್ತ ಸಲ."

ನಾನು ಕಾಲಿಗೆ ಬಿದ್ದೆ. ಆಕೆ ಕಾಲು ಹಿಂದೆ ಎಳೆದುಕೊಂಡಳು. ಮುಟ್ಟಿಸಿಕೊಳ್ಳುವುದು ಆಕೆಗೆ ಯಾವತ್ತೂ ಆಗುತ್ತಿರಲಿಲ್ಲ. "ಇರಲಿ," ಎಂದಳು. "ಇನ್ನ ಮ್ಯಾಲೆ ನೀ ಹೇಳಿದ್ದನ್ನ ಇನ್ನೊಬ್ಬರನ್ನ ಕೇಳಿ ನೋಡ್ತೀನಿ."

ಮಾತಿನ ಭರಕ್ಕೆ ಅಂದದ್ದು ಎಂದುಕೊಂಡೆ. ಆದರೆ ಆಕೆ ಹಾಗೆ ಏನನ್ನೂ ಅನ್ನುತ್ತಿರಲಿಲ್ಲ. ಅವತ್ತು ಎದ್ದು ಹೊರಡುವಾಗ "ನಾಕ ಹೊಡೀತು, ಹೋಗ್ತೀನಿ," ಎಂದೆ. ಚಿಗವ್ವ ರಸ್ತೆ ದಾಟಿ ಎದುರಿನ ಟೇಲರನನ್ನು ಹೊತ್ತು ಕೇಳಿ ಬಂದು, "ಹೌದು, ನಾಕ," ಎಂದಳು. ಮುಂದೆ ಎಂದಾದರೂ "ಮಳಿ ಬರಾಕತ್ತೇತಿ" ಎಂದರೆ ಕಿಟಕಿಯಿಂದ ಕೈ ಹೊರಗೆ ಚಾಚುವಳು. "ಶಾಂತಾ ಆರಾಮದಾಳ" ಎಂದರೆ ಶಾಂತಾಳಿಗೆ ಕಾರ್ಡು ಬರೆದು ಕೇಳುವಳು. ಮೊದಮೊದಲು ನಾನು ನಗುತ್ತಿದ್ದೆ, ಬೆಳಗಾವಿಗೆ ಬಂದು ಗೆಳೆಯರಿಗೆ ಹೇಳಿ ನಗಿಸುತ್ತಿದ್ದೆ. ಎಂಬತ್ತರ ದಶಕದ ನಡುವೆ ಅವ್ವ ಹೋದಳು. ಸುದ್ದಿ ಹೇಳಲು ನಾನೇ ಹೋದೆ, ಅಂಗಡಿಯಲ್ಲಿ ಮಾವನಿಗೆ ಹೇಳಿ ಒಳಗೆ ಬಂದೆ. "ಚಿಗವ್ವ, ಅವ್ವ ಹೋದಳು," ಎಂದೆ. ಕೆದರಿದ ನನ್ನ ತಲೆಯನ್ನು ಆಕೆ ನೋಡಿದಳು, ಕಣ್ಣೊಳಗಿನ ನೀರನ್ನೂ ನೋಡಿದಳು. ಆಮೇಲೆ ಎದ್ದು ಅಂಗಡಿಗೆ ಹೋಗಿ ಮಾವನನ್ನು ಕೇಳಿದಳು: "ಖರೇ ಏನು?" ಅವನು ತಲೆ ಆಡಿಸಿದ. ಅಲ್ಲಿಯೇ, ಬಟ್ಟೆಯ ಥಾನುಗಳ ನಡುವೆ ಕೂತು, ಆಗ ಅತ್ತಳು.

ಚಿಗವ್ವ ತೀರಿಕೊಂಡು ಬಹಳ ವರ್ಷಗಳಾದವು. ಕೊನೆಯ ತನಕ ಆಕೆ ಆಡಿದ ಮಾತು ಮುರಿಯಲಿಲ್ಲ.

ನಿನ್ನೆ ರಾಮತೀರ್ಥ ನಗರದ ಹೆಂಗಸು ಕೊನೆಗೆ ಆ ನೀಲಿ ಜಂಪರ್ ಪೀಸನ್ನೇ ಇಸಿದುಕೊಂಡು, ಹೇಳಬೇಕಾದ ವಾಕ್ಯ ಹೇಳಿ, ಎದ್ದು ನಿಂತರು. ಅವರ ಯಜಮಾನರು ನನ್ನ ಎರಡೂ ಕೈ ಹಿಡಿದರು. "ಸಾಹೇಬರ, ಖಂಡಿತ ಬರಬೇಕ್ರಿ ಮತ್ತ."

ನಲವತ್ತು ವರ್ಷಗಳಿಂದ ಇದಕ್ಕೆ ನನ್ನ ಬಳಿ ಉತ್ತರ ತಯಾರಿದೆ. ನಿನ್ನೆ ಯಾಕೋ ಅದು ಬಾಯಿಗೆ ಬರಲಿಲ್ಲ. "ನಾ ಬರಂಗಿಲ್ಲರೀ," ಎಂದೆ. "ನನಗ ಮೊಣಕಾಲ ನೋವು. ಮತ್ತ ನಿಮ್ಮ ಮಗನ ಪರಿಚಯಾನೂ ನನಗಿಲ್ಲ."

ನನ್ನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. "ಸಾಹೇಬರು ಇನ್ನೂ ಚ್ಯಾಷ್ಟಿ ಬಿಟ್ಟಿಲ್ಲ ನೋಡ!" ಎಂದು ಹೆಂಡತಿಗೆ ಹೇಳಿದರು. "ಬರತಾರ, ಬರತಾರ. ಬರದ ಎಲ್ಲಿ ಹೋಗತಾರ?"

ನಗುತ್ತಲೇ ಮೆಟ್ಟಿಲು ಇಳಿದು ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ. ಚಿಗವ್ವ ಇದ್ದಿದ್ದರೆ ಕಡೇಪಕ್ಷ ಬಾಜೂಮನೆಗೆ ಹೋಗಿ "ಖರೇ ಏನು?" ಎಂದು ವಿಚಾರಿಸಿ ಬರುತ್ತಿದ್ದಳು.